ಅಕ್ಕನ ಅಡುಗೆಮನೆಯನ್ನು ಪೆಟ್ಟಿಗೆಗೆ ತುಂಬಿದ್ದು

ನಮ್ಮನೆಯವರು ಅಸ್ಸಾಮಿನ ಒಂದು ತೋಟದ ಫ್ಯಾಕ್ಟರಿಗೆ, ಸೊಪ್ಪನ್ನು ಟೀಪುಡಿ ಮಾಡಿಸುವ ಟೀ ಮೇಕರ್ ಆಗಿ ಹೋದ ಮೇಲೆ, ಸಾಮಾನು ಕಟ್ಟಿಕೊಂಡು ನಾನೂ ಅಕ್ಕನೂ ಹಿಂದಿನಿಂದ ಹೋಗುವುದು ಅಂತ ಮಾತಾಗಿತ್ತು. ಮಾತಾಗಿದ್ದು ಗಂಡ ಹೆಂಡಿರ ನಡುವೆ. ಅಕ್ಕ ಒಪ್ಪಿರಲಿಲ್ಲ. "ನಿನ್ನ ಟಿಕೆಟ್ ಮಾಡ್ಸ್ಕೊ. ನನ್ನ ಕೇಳ್ದೆ ನಂದು ಮಾಡ್ಸಿದ್ರೆ ನೋಡು," ಅಂದುಬಿಟ್ಟಿದ್ದಳು. ಇವರು ಅಲ್ಲಿಂದ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದುದು ಒಂದೇ: "ಅತ್ತಿಗೆ ಏನಂದ್ರು?" ನನ್ನ ಉತ್ತರವೂ ಒಂದೇ: "ಇನ್ನೂ ಏನೂ ಅಂದಿಲ್ಲ."

ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ. ಗುಂಡ್ಲುಪೇಟೆ ಕಡೆಯ ನಮ್ಮೂರಿನಲ್ಲಿ, ಅವ್ವ ಹೊಲಕ್ಕೆ ಹೋದರೆ ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮುದ್ದೆ ತಿರುವಿದವಳು ಅವಳು. ಕಣ್ಣಿನೊಳಗಿನ ಒತ್ತಡ ಜಾಸ್ತಿಯಾಗುವ ಕಾಯಿಲೆ ನಡುವಯಸ್ಸಿನಲ್ಲಿ ಬಂತು. ಡಾಕ್ಟರು ಇದ್ದಷ್ಟನ್ನು ಉಳಿಸಿಕೊಳ್ಳೋಣ ಅಂದರು, ಉಳಿಯಲಿಲ್ಲ. ಭಾವ ತೀರಿಕೊಂಡ ಮೇಲೆ, ಬೆಟ್ಟದ ಮೇಲೆ ಕೂನೂರಿನ ಹತ್ತಿರ ಇರುವ ಹುಬ್ಬತಲೈನ ನಮ್ಮ ಬಾಡಿಗೆ ಮನೆಗೆ ಬಂದಳು. ಆಗ ಇನ್ನೂ ಅರೆಬರೆ ಕಾಣುತ್ತಿತ್ತು. ಕಣ್ಣು ಹೋಗುತ್ತಾ ಹೋದ ಹಾಗೆ ಈ ಮನೆಯ ಅಡುಗೆಮನೆ ಅವಳ ಕೈಗೆ ಬರುತ್ತಾ ಹೋಯಿತು. ಪೂರ್ತಿ ಕತ್ತಲಾಗುವ ಹೊತ್ತಿಗೆ ಅಡುಗೆ ಪೂರ್ತಿ ಅವಳದಾಗಿತ್ತು. ಸಾರಿಗೆ ಒಗ್ಗರಣೆ ಹಾಕುವಾಗ ಅವಳ ಕೈ ಹಲಗೆಯ ಅಂಚಿನ ಮೇಲೆ ಸರಕ್ಕನೆ ಹರಿದು, ನಿಂತು, ಬೇಕಾದ ಡಬ್ಬವನ್ನೇ ಎತ್ತುತ್ತಿತ್ತು. ಕಣ್ಣಿದ್ದ ನಾನೇ ಉದ್ದಿನಬೇಳೆ ಎಲ್ಲಿ ಅಂತ ತಡಕಾಡುತ್ತಿದ್ದೆ.

ಟೀ ಫ್ಯಾಕ್ಟರಿಯವರ ಮನೆಯಲ್ಲಿ ಇದ್ದುಕೊಂಡು ಕಾಫಿಯೇ ಬೇಕು ಅನ್ನುವ ಹೆಂಗಸು ಅವಳು. ಇವರು ಎಂಥೆಂಥ ಎಳೆ ಚಿಗುರಿನ ಸೊಪ್ಪಿನ ಪುಡಿ ತಂದುಕೊಟ್ಟರೂ "ನಿಮ್ಮ ಬಿಸಿನೀರು ನೀವೇ ಕುಡೀರಪ್ಪ" ಅಂದು ಡಿಕಾಕ್ಷನ್ ಇಳಿಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ನಾನು ಎದ್ದು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರೆ, ಒಂದು ಕಾಲು ಗಿಡ್ಡವಾಗಿದ್ದ ಆ ಸ್ಟೂಲು ಟಕ್ ಅನ್ನುತ್ತಿತ್ತು. ಅಕ್ಕ ತಿರುಗದೆಯೇ "ಬಂದ್ಯಾ?" ಅನ್ನುತ್ತಿದ್ದಳು. ಲೋಟ ನನ್ನ ಮುಂದೆ ಬರುತ್ತಿತ್ತು.

ಆ ಸ್ಟೂಲು ನಾನೇ ಮಾಡಿದ್ದು. ಹೊಟ್ಟೆಪಾಡಿಗೆ ನಾನು ಬ್ಲೌಸ್ ಹೊಲಿಯುವವಳು, ಆದರೆ ಕೈ ಸುಮ್ಮನಿರದ ರೋಗ ಮೊದಲಿನಿಂದಲೂ ಇದೆ. ಫ್ಯಾಕ್ಟರಿಯ ಹರಿದ ಜರಡಿಯಲ್ಲಿ ದೀಪಕ್ಕೆ ಮುಸುಕು, ಸತ್ತ ಕುಕ್ಕರಿನಲ್ಲಿ ಹೂಕುಂಡ, ಹಳೆ ಟೈರಿನಲ್ಲಿ ಕಾಲೊರಸು. ಒಂದಾದರೂ ನೆಟ್ಟಗೆ ನಿಂತಿದ್ದಿಲ್ಲ. "ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ," ಅಂತ ಅಕ್ಕ ನಗುತ್ತಿದ್ದಳು. ಸದ್ಯ, ನಮಗೆ ಮಕ್ಕಳಿರಲಿಲ್ಲ.

ಅಸ್ಸಾಮಿನ ಮಾತು ಎತ್ತಿದ ದಿನ ಅವಳು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ಆಗ ಅರೆಗಣ್ಣಿತ್ತು, ಈ ಅಡುಗೆಮನೆ ಕಲ್ತೆ. ಈಗ ಹೊಸದು ಏನ್ ನೋಡಿ ಕಲೀಲಿ? ಅಲ್ಲಿಗೆ ಬಂದು ನಿಮ್ಮನೆ ಮೂಲೆಲಿ ಮಡಗಿದ ಕೊಡ ಆಗಲ್ಲ ನಾನು. ನೀವು ಎತ್ತಿದ್ರೆ ಏಳೋದು, ಇಳಿಸಿದ್ರೆ ಕೂರೋದು. ಗುಂಡ್ಲುಪೇಟೆಲಿ ತಮ್ಮನ ಮನೆ ಮೇಲ್ಗಡೆ ರೂಮದ, ಅಲ್ಲಿಗೋಯ್ತೀನಿ."

"ಅಲ್ಲೂ ಕೊಡವೇ ತಾನೆ?" ಅಂದೆ ನಾನು, ಕೋಪದಲ್ಲಿ.

"ಕೊಡವೇ. ಆದ್ರೆ ಅಲ್ಲಿ ಎತ್ತೋರು ಇಳಿಸೋರು ಕನ್ನಡದಲ್ಲಿ ಬಯ್ತಾರೆ."

ನನಗೆ ಅಳು ಬಂತು. ಅವಳಿಲ್ಲದ ಮನೆಯಲ್ಲಿ ನಾನು ಇದ್ದು ಅಭ್ಯಾಸವೇ ಇಲ್ಲ. ಯಾವುದೋ ನದೀತೀರದ ಊರಿನಲ್ಲಿ, ಮಾತು ಬಾರದ ಜನರ ನಡುವೆ, ಬೆಳಿಗ್ಗೆ ಎದ್ದರೆ ಒಲೆಯ ಮುಂದೆ ಅಕ್ಕನ ಬೆನ್ನು ಇರುವುದಿಲ್ಲ ಅನ್ನುವುದನ್ನು ನನ್ನ ಮನಸ್ಸು ಒಪ್ಪಲೇ ಇಲ್ಲ. ಮೂಗು ಒರೆಸಿಕೊಂಡು, "ಸರಿ, ಹೊಸ ಅಡುಗೆಮನೆ ಬ್ಯಾಡ. ಇದನ್ನೇ ಕಿತ್ತು ಹೊತ್ಕೊಂಡು ಬರ್ತೀನಿ. ಆಗ ಬರ್ತೀಯ?" ಅಂದೆ. ಅಕ್ಕ ಜೋರಾಗಿ ನಕ್ಕಳು. ಇಲ್ಲ ಅನ್ನಲಿಲ್ಲ.

ಅಡುಗೆಮನೆಯ ಹಲಗೆಗಳು ಸಿಲ್ವರ್ ಓಕ್ ಮರದವು. ಟೀ ಗಿಡಗಳ ನಡುವೆ ನೆರಳಿಗೆ ನೆಟ್ಟ ಮರ ಬಿದ್ದಾಗ ಮನೆಯೊಡತಿ ಕೊಯ್ಯಿಸಿ, ನಮಗೂ ನಾಲ್ಕಾರು ಕೊಟ್ಟಿದ್ದರು. ಅವರು ಈ ಬೆಟ್ಟದ ಬಡಗ ಜನದ ಅಜ್ಜಿ. ಮನೆಯ ಹಿಂದಿನ ಇಳಿಜಾರೆಲ್ಲ ಅವರದೇ ಟೀ. ಅಜ್ಜಿಗೆ ಅವರ ಮಾತಿನಲ್ಲಿ ಹೆತ್ತೆ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಅವರು ಬಡಗ ಮಾತಿನಲ್ಲಿ ಕೇಳುವುದು, ನಾವು ಕನ್ನಡದಲ್ಲಿ ಹೇಳುವುದು. ಅರ್ಥವಾಗದೆ ಉಳಿದದ್ದಕ್ಕೆ ನಡುವೆ ತಮಿಳು ಇತ್ತು.

ನನ್ನ ಯೋಜನೆ ಕೇಳಿ ಹೆತ್ತೆ ಅಟ್ಟದ ಮೇಲಿದ್ದ ಹಳೆಯ ಟೀ ಪೆಟ್ಟಿಗೆಗಳನ್ನು ಕೆಳಗಿಳಿಸಿದರು. ಈಗೆಲ್ಲ ಟೀ ಕಾಗದದ ಚೀಲದಲ್ಲಿ ಹೋಗುತ್ತದೆ, ಮೊದಲು ಪ್ಲೈವುಡ್ ಪೆಟ್ಟಿಗೆ, ಅಂಚಿಗೆ ತಗಡಿನ ಪಟ್ಟಿ. ಒಳಗೆ ಮೂಗಿಟ್ಟರೆ ಇನ್ನೂ ಒಣಸೊಪ್ಪಿನ ವಾಸನೆ. ಅಸ್ಸಾಮಿನಲ್ಲಿ ಟೀ ಗಿಡ ಸಮತಟ್ಟು ನೆಲದಲ್ಲಿ ಬೆಳೆಯುತ್ತದೆ ಅಂತ ಹೇಳಿ, ಇವರು ಫೋನಿನಲ್ಲಿ ಕಳಿಸಿದ ವಿಡಿಯೋ ತೋರಿಸಿದೆ. ಹೆತ್ತೆ ನಂಬಲಿಲ್ಲ. ಅಂಗೈಯಷ್ಟು ಚಪ್ಪಟೆ ನೆಲದಲ್ಲಿ ಗಿಡ ನೆಟ್ಟರೆ ಮಳೆನೀರು ಎತ್ತ ಹೋಗುತ್ತದೆ, ಸೊಪ್ಪು ಕೀಳುವವರ ಕಾಲಿಗೆ ಬೇಜಾರಾಗುವುದಿಲ್ಲವೇ ಅಂತ ಕೇಳಿದರು. ನನ್ನ ಗಂಡನನ್ನು ಯಾರೋ ಮೋಸ ಮಾಡಿ ಕರೆದುಕೊಂಡು ಹೋಗಿದ್ದಾರೆ ಅಂತ ಅವರಿಗೆ ಕೊನೆಯವರೆಗೂ ಅನುಮಾನ.

ನನ್ನ ಲೆಕ್ಕ ಹೀಗಿತ್ತು. ಹಳೆಯ ಹಲಗೆಗಳನ್ನು ಉದ್ದ ಕತ್ತರಿಸದೆ ಹಾಗೇ ಇಟ್ಟುಕೊಂಡು, ಟೀ ಪೆಟ್ಟಿಗೆಯ ಪ್ಲೈವುಡ್ಡನ್ನು ಪಕ್ಕಗಳಿಗೆ ಜಡಿದು, ಉದ್ದುದ್ದ ಪೆಟ್ಟಿಗೆ ಮಾಡುವುದು. ಒಂದೊಂದು ಹಲಗೆಗೆ ಒಂದೊಂದು ಪೆಟ್ಟಿಗೆ. ಡಬ್ಬಗಳನ್ನು ಅದರದರ ಜಾಗದಲ್ಲೇ ಇಟ್ಟು, ನಡುವೆ ಬಟ್ಟೆ ತುಂಡು ತುರುಕಿ, ಮುಂದಿನ ಬಾಯಿಗೆ ಮುಚ್ಚಳ ಬಿಗಿದರೆ ರೈಲಿನ ಪಾರ್ಸೆಲ್. ಅಲ್ಲಿ ಹೋಗಿ ಮುಚ್ಚಳ ಬಿಚ್ಚಿ ಒಂದರ ಮೇಲೊಂದು ಪೇರಿಸಿದರೆ ನಮ್ಮ ಹುಬ್ಬತಲೈನ ಕಪಾಟು. ಉಪ್ಪಿನ ಪಕ್ಕ ಹುಣಸೆಹಣ್ಣು, ಅಕ್ಕನ ಮೊಣಕೈ ಎತ್ತರದಲ್ಲಿ ಕಾಫಿಪುಡಿ, ಎಲ್ಲ ಇದ್ದ ಹಾಗೇ. ಇಂಥ ಬುದ್ಧಿ ನನಗೆ ಹೊಳೆದದ್ದಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಇವರು ಅಲ್ಲಿನ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಅಳತೆ ಟೇಪು ಹಿಡಿದು ನಿಂತು ವಿಡಿಯೋದಲ್ಲಿ ತೋರಿಸಿದರು. ನಾನು ಅದರ ಪ್ರಕಾರ ನಮ್ಮ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅಡುಗೆಮನೆಯ ಹಲಗೆಗಳನ್ನೆಲ್ಲ ಬಿಚ್ಚಿದೆ. ಅಷ್ಟು ದಿನ ಅಡುಗೆ ನನ್ನದು. ಅಕ್ಕ ತುಟಿಪಿಟಕ್ ಅನ್ನದೆ ನನ್ನ ಸಾರು ಉಂಡಳು.

ಬಿಚ್ಚಿ ಹೊರಗಿನ ಬೆಳಕಿಗೆ ಇಟ್ಟಾಗ ಹಲಗೆಗಳು ನೋಡಲು ಅಸಹ್ಯವಾಗಿದ್ದವು. ಎಣ್ಣೆ ಜಿಡ್ಡು, ಬಿಸಿ ಪಾತ್ರೆಯಿಂದ ಸುಟ್ಟ ಕಲೆ, ಚಾಕು ಕಚ್ಚಿದ ಗಾಯ, ಯಾವ ಕಾಲದಲ್ಲೋ ಕ್ಯಾಲೆಂಡರ್ ನೇತು ಹಾಕಿದ್ದ ಮೊಳೆಯ ಮುರಿದ ತಲೆ. ಇವನ್ನು ಹೀಗೇ ಹೊತ್ತುಕೊಂಡು ಹೋಗಿ ಹೊಸ ಊರಿನ ಅಕ್ಕಪಕ್ಕದವರ ಮುಂದೆ ಇಡುವುದೇ? ಮೊಳೆಗಳನ್ನು ಕಿತ್ತೆ. ತೂತುಗಳಿಗೆ ಮರದ ಹೊಟ್ಟು ಅಂಟು ಕಲಸಿ ತುಂಬಿದೆ. ಮರಳಂಟಿದ ಉಪ್ಪುಕಾಗದ ಹಿಡಿದು ಕೈ ಬೊಬ್ಬೆ ಬರುವವರೆಗೆ ಉಜ್ಜಿದೆ. ಅಂಚುಗಳನ್ನಂತೂ ಮಗುವಿನ ಕೆನ್ನೆಯ ಹಾಗೆ ನುಣುಪು ಮಾಡಿದೆ, ಅಕ್ಕನ ಕೈ ಆಡುವ ಜಾಗವಲ್ಲವೇ, ಸಿಬಿರು ಚುಚ್ಚಬಾರದು. ಆಮೇಲೆ ವಾರ್ನಿಷ್. ನಮ್ಮ ಕಡೆಯ ಮಂಜಿನಲ್ಲಿ ವಾರ್ನಿಷ್ ಒಣಗಿಸುವುದೂ ಒಂದು ತಪಸ್ಸು. ಬೆಳಿಗ್ಗೆ ಬಳಿದದ್ದು ಸಂಜೆಗೂ ಬೆರಳಿಗೆ ಅಂಟುತ್ತಿತ್ತು. ಹೊರಗೆ ಇಟ್ಟರೆ ಕಾಡಿನಿಂದ ಕಾಟಿ ಕೋಣ ಬಂದು ತುಳಿದೀತು ಅನ್ನುವ ಭಯ, ಒಳಗೆ ಇಟ್ಟರೆ ವಾಸನೆಗೆ ತಲೆನೋವು. ಅದೇ ಉತ್ಸಾಹದಲ್ಲಿ ಸ್ಟೂಲಿನ ಗಿಡ್ಡ ಕಾಲಿಗೆ ರಬ್ಬರ್ ತುಂಡು ಅಂಟಿಸಿ, ವರ್ಷಗಟ್ಟಲೆ ಮಾಡುತ್ತೇನೆ ಮಾಡುತ್ತೇನೆ ಅಂದದ್ದನ್ನು ಮಾಡಿ ಮುಗಿಸಿದೆ. ಅದು ಈಗ ಕಲ್ಲಿನ ಹಾಗೆ ಕೂತಿತು.

ಒಂದು ಹಲಗೆ ಮಾತ್ರ ಉಳಿಯಿತು. ಜೀರಿಗೆ, ಮೆಣಸು, ಸಾಸಿವೆ ಇಡುವ ಗಿಡ್ಡ ಹಲಗೆ. ಅದರ ಸರದಿ ಬರುವ ಹೊತ್ತಿಗೆ ಮಂಜು ಇಳಿದು ಕೂತು, ಉಪ್ಪುಕಾಗದ ತೇವಕ್ಕೆ ಮೆತ್ತಗಾಗಿ ಮರಳು ಉದುರಿಸಿಕೊಂಡಿತು. ಹೊಸದು ತರಲು ಕೂನೂರಿಗೆ ಹೋಗಬೇಕು. ಬಿಸಿಲು ಬರಲಿ ಅಂತ ಅದನ್ನು ಗೋಡೆಗೆ ಒರಗಿಸಿಟ್ಟೆ. ಆ ಸಾಂಬಾರ ಸಾಮಾನು ರಟ್ಟಿನ ಡಬ್ಬದಲ್ಲೇ ಇತ್ತು.

ಮಿಕ್ಕ ಪೆಟ್ಟಿಗೆಗಳನ್ನು ನಡುಮನೆಯಲ್ಲಿ ಸೀಮೆಸುಣ್ಣದ ಗೆರೆಯ ಮೇಲೆ ಪೇರಿಸಿ, ಪಕ್ಕಕ್ಕೆ ಗ್ಯಾಸ್ ಒಲೆ ಇಟ್ಟು, ಅಕ್ಕನ ಕೈ ಹಿಡಿದು ಕರೆದುಕೊಂಡು ಬಂದೆ. "ಇದು ಅಸ್ಸಾಮು. ನಿನ್ನ ಕೈಯಾರೆ ಒಂದು ಕಾಫಿ ಮಾಡು," ಅಂದೆ. ಹೊಸ ಸೀರೆ ಉಡಿಸಿದ ಮಗಳನ್ನು ನೋಡುವ ಹಾಗೆ ಪೆಟ್ಟಿಗೆಗಳನ್ನು ನೋಡುತ್ತಾ ನಿಂತಿದ್ದೆ.

ಅಕ್ಕ ಹಾಲಿಟ್ಟಳು. ಕೈ ಹಲಗೆಯ ಅಂಚಿಗೆ ಹೋಯಿತು, ಸರಕ್ಕನೆ ಹರಿಯಿತು, ಮುಂದೆ ಹೋಗುತ್ತಲೇ ಹೋಯಿತು, ಪೆಟ್ಟಿಗೆಯ ಕೊನೆ ಮುಟ್ಟಿ ವಾಪಸು ಬಂತು. ಒಂದು ಡಬ್ಬ ತೆಗೆದಳು. ಮುಚ್ಚಳ ಬಿಚ್ಚಿ ಮೂಸಿದಳು. ಇಟ್ಟಳು. ಇನ್ನೊಂದು ತೆಗೆದು ಮೂಸಿದಳು. ಅಕ್ಕ ಡಬ್ಬ ಮೂಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಾಫಿಪುಡಿ ಸಿಕ್ಕಿತು, ಸಕ್ಕರೆಗೆ ಮತ್ತೆ ಅದೇ ಹುಡುಕಾಟ. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿತು. ಒರೆಸಲು ಬಟ್ಟೆ ಎಲ್ಲಿದೆ ಅಂತ ಅವಳು ಗಾಳಿಯಲ್ಲಿ ಕೈ ಆಡಿಸಿದಳು, ನಾನೇ ಒರೆಸಿದೆ.

"ಚೆನ್ನಾಗದ ಕಣೆ. ಬಾಳ ಚೆನ್ನಾಗಿ ಮಾಡಿದ್ದೀಯ," ಅಂದಳು.

ನಾನು ಮಾಡಿದ್ದನ್ನು ಅಕ್ಕ ಒಂದು ದಿನಕ್ಕೂ ಹೊಗಳಿದವಳಲ್ಲ. ಭಯವಾದದ್ದು ಆಗಲೇ. ಹೊಸ ಜಾಗ, ಎರಡು ದಿನದಲ್ಲಿ ರೂಢಿಯಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಎರಡು ದಿನವಾಯಿತು, ಮೂರಾಯಿತು. ಅವಳು ಮೂಸುತ್ತಲೇ ಇದ್ದಳು. ಅಳತೆ ಟೇಪು ತೆಗೆದು ಮತ್ತೆ ಮತ್ತೆ ನೋಡಿದೆ. ಒಂದು ಬೆರಳಿನಷ್ಟೂ ಆಚೀಚೆ ಇರಲಿಲ್ಲ.

ಆಮೇಲೊಂದು ಮಧ್ಯಾಹ್ನ ನಡುಮನೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಪಾರ್ಸೆಲ್ಲಿಗೆ ಗೋಣಿಚೀಲದ ಬಾಯಿ ಹೊಲಿಯುತ್ತಿದ್ದೆ. ಅಕ್ಕ ಒಳಗಿನಿಂದ ಬಂದಳು. ಕಿಟಕಿಯ ಹತ್ತಿರ ನಿಂತು ಫೋನಿನ ಗುಂಡಿ ಒತ್ತಿದಳು.

"ತಮ್ಮ, ಆ ಮೇಲ್ಗಡೆ ರೂಮು ಖಾಲಿ ಅದ?" ಅಂದಳು. "ಇಲ್ಲಪ್ಪ, ಅವಳು ಏನೂ ಅಂದಿಲ್ಲ. ಪಾಪ, ಚಿನ್ನದಂಗೆ ಮಾಡವ್ಳೆ. ನನ್ ಕೈಗೇ ವಯಸ್ಸಾಯ್ತು. ಡಬ್ಬ ಮೂಸ್ಕೊಂಡು ಅಡುಗೆ ಮಾಡೋಳು ಅಷ್ಟು ದೂರ ಹೋಗಿ ಅವರಿಗ್ಯಾಕೆ ಭಾರ ಆಗ್ಲಿ? ಅವಳಿಗೆ ಹೇಳ್ಬ್ಯಾಡ. ಹೊರಡೋ ಹೊತ್ಗೆ ನಾನೇ ಹೇಳ್ತೀನಿ."

"ಈಗ್ಲೇ ಹೇಳು," ಅಂದೆ ನಾನು.

ಅಕ್ಕ ಬೆಚ್ಚಿ ಬಿದ್ದಳು. ಫೋನು ಕೈಯಿಂದ ಜಾರಿತು. "ಎಷ್ಟೊತ್ತಿಂದ ಕೂತಿದ್ದೀಯೆ ಅಲ್ಲಿ? ಸ್ಟೂಲು ಸದ್ದೇ ಮಾಡ್ನಿಲ್ಲ?"

"ಅದನ್ನ ಸರಿ ಮಾಡ್ದೆ."

"ಓ," ಅಂದಳು. "ಅದನ್ನೂ ಸರಿ ಮಾಡ್ದ್ಯಾ."

ನಾನು ಕೂಗಾಡಿದೆ. ನೀನು ಬರದಿದ್ದರೆ ಈ ಪೆಟ್ಟಿಗೆಗಳನ್ನೆಲ್ಲ ಹೆತ್ತೆಯ ನೀರೊಲೆಗೆ ಹಾಕುತ್ತೇನೆ ಅಂದೆ. ಯಾರಿಗಾಗಿ ಕೈ ಬೊಬ್ಬೆ ಬರಿಸಿಕೊಂಡೆ ಅಂದೆ. ಅಕ್ಕ ಎಲ್ಲ ಕೇಳಿಸಿಕೊಂಡು, "ಕುಣೀಲಾರ್ದವಳು ನೆಲ ಡೊಂಕು ಅಂದ್ಳಂತೆ. ನಿನ್ನ ಹಲಗೆದೇನೂ ತಪ್ಪಿಲ್ಲ ಕಣೆ, ಅಳಬ್ಯಾಡ. ಸಂಜೆಗೆ ಒಂದು ಮೆಣಸಿನ ಸಾರು ಮಾಡ್ತೀನಿ, ನಿನ್ನ ಕೈ ಸಾರು ಉಂಡು ನಾಲ್ಗೆ ಸತ್ತೋಗದ," ಅಂದಳು. ಸಮಾಧಾನಕ್ಕೂ ಅವಳಿಗೆ ನನ್ನನ್ನು ಹಂಗಿಸಲೇಬೇಕು.

ಸಾರಿಗೆ ಜೀರಿಗೆ ಮೆಣಸು ಬೇಕಲ್ಲ. ಕೋಪ ಇನ್ನೂ ಇಳಿದಿರಲಿಲ್ಲ. ಇನ್ನು ಚೆಂದ ಮಾಡಿ ಯಾರಿಗೆ ತೋರಿಸಬೇಕು ಅಂತ, ಗೋಡೆಗೆ ಒರಗಿಸಿದ್ದ ಆ ಕೊಳಕು ಹಲಗೆಯನ್ನು ಉಜ್ಜದೆ, ಬಳಿಯದೆ, ಹಾಗೇ ಪಕ್ಕದ ಪ್ಲೈವುಡ್ಡಿಗೆ ಜಡಿದು ಮಿಕ್ಕವುಗಳ ಮೇಲೆ ಕುಕ್ಕಿದೆ. ಡಬ್ಬಗಳನ್ನು ಹಳೆಯ ಸಾಲಿನಂತೆ ಜೋಡಿಸಿದೆ. ಅಕ್ಕ ಬಂದಳು. ತೊಗರಿಬೇಳೆಯನ್ನು ಮೂಸಿ ಮೂಸಿ ಹುಡುಕಿದಳು. ಹುಣಸೆಹಣ್ಣನ್ನು ಮೂಸಿ ಹುಡುಕಿದಳು. ಆಮೇಲೆ ಮೇಲಿನ ಹಲಗೆಗೆ ಕೈ ಹಾಕಿದಳು. ಕೈ ಅಂಚಿನ ಮೇಲೆ ಹರಿದು, ನಿಂತು, ಒಂದು ಡಬ್ಬ ಎತ್ತಿತು. ಮೂಸದೆ ಚಿಟಿಕೆ ತೆಗೆದು ಒರಳಿಗೆ ಹಾಕಿದಳು. ಪಕ್ಕದ್ದು ಎತ್ತಿ ಅದನ್ನೂ ಹಾಗೇ ಹಾಕಿದಳು.

ನಾನು ಕೈಲಿದ್ದ ಸುತ್ತಿಗೆ ಕೆಳಗಿಟ್ಟೆ. "ಅಕ್ಕ, ಮೊದ್ಲು ಹಾಕಿದ್ದೇನು?"

"ಜೀರಿಗೆ. ಯಾಕೆ?"

"ಮೂಸ್ನೇ ಇಲ್ವಲ್ಲ ನೀನು. ಹೆಂಗೆ ಗೊತ್ತಾಯ್ತು?"

ಅವಳಿಗೇ ಗೊತ್ತಿರಲಿಲ್ಲ. ಕೈಯನ್ನು ನಿಧಾನವಾಗಿ ಮತ್ತೆ ಅಂಚಿನ ಮೇಲೆ ಆಡಿಸಿದಳು. ಒಂದು ಕಡೆ ಬೆರಳು ಸಣ್ಣ ಹಳ್ಳಕ್ಕೆ ಇಳಿಯಿತು. "ಇಲ್ಲೊಂದು ಸುಟ್ಟ ಗಾಯ ಅದ ಕಣೆ," ಅಂದಳು, ಯಾವುದೋ ಹಳೆಯ ನೆಂಟರು ಸಿಕ್ಕ ಹಾಗೆ. "ದೋಸೆ ಹಂಚು ಒರಗಿಸಿ ಸುಟ್ಟಿದ್ದು. ಇದರ ಹಿಂದೆ ಜೀರಿಗೆ. ಇಲ್ಲಿ ಮರದ ಗಂಟು, ಇದರ ಹಿಂದೆ ಮೆಣಸು." ಬೆರಳು ಕೆಳಗಿನ ಹಲಗೆಗೆ ಇಳಿಯಿತು, ನನ್ನ ನುಣುಪಿನ ಮೇಲೆ ಆ ಕೊನೆಯಿಂದ ಈ ಕೊನೆಗೆ ಜಾರಿತು. "ಇಲ್ಲಿ ಒಂದು ಮೊಳೆ ಇತ್ತಲ್ವ? ಕಾಫಿಪುಡಿ ಹತ್ರ?"

"ಇತ್ತು," ಅಂದೆ. "ಕಿತ್ತೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅಕ್ಕನ ಅಡುಗೆಮನೆಯನ್ನು ಇದ್ದ ಹಾಗೇ ಒಯ್ಯುತ್ತೇನೆ ಅಂತ ಹೊರಟು, ಅದರೊಳಗೆ ಅವಳದು ಅಂತ ಇದ್ದದ್ದನ್ನೆಲ್ಲ ನನ್ನ ಕೈಯಾರೆ ಉಜ್ಜಿ ತೆಗೆದಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಅಕ್ಕನ ಕೈಗೆ ವಯಸ್ಸಾಗಿರಲಿಲ್ಲ. "ಇರು, ಚೆಂದವಾಗಿ ಚುಕ್ಕಿ ಕೊರೆದು ಕೊಡ್ತೀನಿ, ಒಂದೊಂದಕ್ಕೂ ಒಂದೊಂದು ಥರ," ಅಂತ ಪೆನ್ಸಿಲ್ ಹುಡುಕಿದೆ.

"ನಿನ್ನ ಚೆಂದ ಸಾಕು," ಅಂದಳು ಅಕ್ಕ. "ಸುತ್ತಿಗೆ ಕೊಡಿಲ್ಲಿ."

ಆ ಸಂಜೆ ನಾನು ನೋಡಿದ್ದನ್ನು ಯಾವ ಬಡಗಿಯೂ ನೋಡಬಾರದು. ನಾನು ಒಂದೊಂದೇ ಡಬ್ಬ ಹಿಡಿದು ಹೆಸರು ಹೇಳುವುದು, ಅವಳು ಅದರ ಮುಂದಿನ ಅಂಚನ್ನು ಗಾಯ ಮಾಡುವುದು. ಕಾಫಿಪುಡಿಗೆ ಮೊಳೆ, ಸೊಟ್ಟಗೆ. ಸಕ್ಕರೆಗೆ ಚಾಕುವಿನ ಕಚ್ಚು. ಉಪ್ಪಿಗೆ ಸುತ್ತಿಗೆಯ ಏಟು. ಬೇಳೆಗೆ ಅಂತ ಸಟ್ಟುಗದ ಹಿಡಿಕೆಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಚುರ್ ಅನ್ನಿಸಿದಾಗ ವಾರ್ನಿಷ್ ಸುಟ್ಟ ಹೊಗೆಗೆ ಇಬ್ಬರೂ ಕೆಮ್ಮಿದೆವು. ಕಾದ ಸಟ್ಟುಗ ಹಿಡಿಯುವಾಗ ಮಾತ್ರ ನನ್ನ ಕೈ ಅವಳ ಕೈ ಮೇಲಿತ್ತು. ನನ್ನ ಹೊಟ್ಟೆ ಉರಿಯುತ್ತಿತ್ತು, ಅವಳು ನಗುತ್ತಿದ್ದಳು. ಸದ್ದು ಕೇಳಿ ಹೆತ್ತೆ ಬಂದು ಬಾಗಿಲಲ್ಲೇ ನಿಂತರು. ಇಷ್ಟು ದಿನ ತಂಗಿ ಮಾಡಿದ್ದನ್ನು ಅಕ್ಕ ಒಡೆಯುತ್ತಿದ್ದಾಳಲ್ಲ, ಇಬ್ಬರಿಗೂ ಜಗಳವೇ ಅಂತ ಕೇಳಿದರು. ಇಲ್ಲ, ಅಸ್ಸಾಮಿಗೆ ಹೊರಡುವ ತಯಾರಿ ಅಂದೆ. ಅವರು ತಲೆಯಾಡಿಸಿ ಹೋದರು.

ಮಾರನೆಯ ದಿನವೇ ಎಲ್ಲ ಸರಿಹೋಯಿತು ಅನ್ನಲಾರೆ. ಹೊಸ ಗಾಯಗಳು, ಕೈಗೆ ಪರಿಚಯವಾಗಬೇಕಲ್ಲ. ಒಮ್ಮೊಮ್ಮೆ ಮೂಸುತ್ತಿದ್ದಳು. ದಿನ ಕಳೆದ ಹಾಗೆ ಕಡಿಮೆಯಾಯಿತು. ಆದರೆ ಟಿಕೆಟ್ಟಿನ ಮಾತು ಅವಳು ಎತ್ತಲಿಲ್ಲ, ಕೇಳಲು ನನಗೆ ಧೈರ್ಯ ಬರಲಿಲ್ಲ. ಇವರು ಫೋನಿನಲ್ಲಿ "ಅತ್ತಿಗೆ ಏನಂದ್ರು?" ಅಂದರೆ "ಹಲಗೆ ಹಾಳು ಮಾಡಿದ್ರು" ಅಂತಷ್ಟೇ ಹೇಳಿದೆ. ಬೆಳಿಗ್ಗೆ ನಾನು ಬಂದು ಕೂತರೆ ಅವಳು ಒಲೆಯ ಕಡೆಗೇ ತಿರುಗಿ ನಿಂತಿರುತ್ತಿದ್ದಳು. ನಾನು ಕೆಮ್ಮಿದರೆ, "ಯಾರು, ನೀನಾ?" ಅನ್ನುತ್ತಿದ್ದಳು. ಮನೆಯಲ್ಲಿ ಇದ್ದದ್ದೇ ನಾವಿಬ್ಬರು. ಆದರೂ ಅವಳು ಕೇಳಬೇಕಾಗಿತ್ತು.

ಅದು ನನಗೆ ಹೊಳೆಯಲು ಇಷ್ಟು ದಿನ ಬೇಕಾಯಿತಲ್ಲ ಅಂತ ಬೈದುಕೊಳ್ಳುತ್ತಾ, ಸ್ಟೂಲು ಬೋರಲು ಹಾಕಿ, ಉಳಿ ಕೊಟ್ಟು ಆ ರಬ್ಬರ್ ತುಂಡನ್ನು ಎಬ್ಬಿಸಿದೆ. ಚೆನ್ನಾಗಿ ಅಂಟಿಸಿದ್ದೆ, ಮರದ ಚಕ್ಕೆಯೂ ಕಿತ್ತುಕೊಂಡು ಬಂತು.

ಮರುದಿನ ಬೆಳಿಗ್ಗೆ ಎದ್ದು ಬಂದೆ. ಕಿಟಕಿಯ ಆಚೆ ಏನೂ ಕಾಣದಷ್ಟು ಮಂಜು. ಅಕ್ಕ ಒಲೆಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದಳು, ಎಡಗೈ ಕಾಫಿಪುಡಿಯ ಸೊಟ್ಟ ಮೊಳೆಯ ಮೇಲಿತ್ತು. ಮಾತಾಡದೆ ಹೋಗಿ ಕೂತೆ.

ಟಕ್.

ಅಕ್ಕನ ಬೆನ್ನು ಅಲುಗಲಿಲ್ಲ.

"ಬಂದ್ಯಾ?" ಅಂದಳು.

"ಬಂದೆ ಅಕ್ಕ."

ಕಾಫಿ ಬೆರೆಸಿ, ಲೋಟ ನನ್ನ ಮುಂದೆ ಚಾಚಿದಳು. "ನಂದೂ ಟಿಕೆಟ್ ಮಾಡ್ಸು," ಅಂದಳು. "ಮತ್ತೆ ಆ ಸ್ಟೂಲ್ನ ಪಾರ್ಸೆಲ್ಲಿಗೆ ಹಾಕ್ಬ್ಯಾಡ, ಕೈಲೇ ಹಿಡ್ಕೊ. ಅದು ದಾರಿಲಿ ಕಳೆದೋದ್ರೆ ಅಲ್ಲಿ ನಿನ್ನ ಎಲ್ಲಿ ಅಂತ ಹುಡುಕ್ಲಿ?"